ಕಂಠಕ್ಕೆ ಒಗ್ಗುವ ಹಾಡುಗಳು

ಮನಸ್ಸಿಗೆ ಮುದ ಕೊಡುವ ಹಾಡುಗಳನ್ನು ಆರಿಸಿ ಒಂದೆಡೆ ಸೇರಿಸಿಟ್ಟುಕೊಳ್ಳುವ ಅಭ್ಯಾಸ ಮೊಬೈಲ್ ಫೋನಿಗಿಂತ ಬಹಳ ಹಳೆಯದು. ಚಿತ್ರಮಂದಿರಗಳ ಮುಂದೆ ಮಾರಾಟವಾಗುತ್ತಿದ್ದ ಹಾಡಿನ ಪುಸ್ತಕಗಳು, ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳಿಗೆ ಹೋಗುತ್ತಿದ್ದ ಅಂಚೆ ಕಾರ್ಡುಗಳು, ಬೇಕಾದ ಹಾಡುಗಳ ಚೀಟಿ ಬರೆದುಕೊಟ್ಟು ಅಂಗಡಿಯಲ್ಲಿ ತುಂಬಿಸಿಕೊಳ್ಳುತ್ತಿದ್ದ 60 ಅಥವಾ 90 ನಿಮಿಷಗಳ ಕ್ಯಾಸೆಟ್ಟುಗಳು, ಇವೆಲ್ಲವೂ ಇಂದಿನ ಪ್ಲೇಲಿಸ್ಟಿನ ಹಿಂದಿನ ತಲೆಮಾರಿನವು. ಕ್ಯಾಸೆಟ್ಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಕೆಲವೇ ಹಾಡುಗಳಾದ್ದರಿಂದ ಪ್ರತಿ ಹಾಡನ್ನೂ ಯೋಚಿಸಿಯೇ ಆರಿಸಬೇಕಿತ್ತು. ಈಗ ಸ್ಥಳದ ಮಿತಿಯಿಲ್ಲದ್ದರಿಂದ ಕೇಳಿದ್ದೆಲ್ಲ ಪಟ್ಟಿಗೆ ಸೇರಿ, ಕೊನೆಗೆ ಆ ಪಟ್ಟಿ ಯಾವ ಉದ್ದೇಶಕ್ಕೂ ನೆರವಾಗದಷ್ಟು ಬೆಳೆದುಬಿಡುತ್ತದೆ. ಅದಕ್ಕಿಂತ ಮುಖ್ಯವಾದ ತೊಡಕು ಬೇರೊಂದಿದೆ: ಹೆಚ್ಚಿನವರು ಪಟ್ಟಿಯನ್ನು ಕಿವಿಯಿಂದ ಮಾಡುತ್ತಾರೆ. ಹಾಡಿನೊಡನೆ ದನಿಗೂಡಿಸಿ ಹಗುರಾಗಬೇಕೆಂಬುದು ಉದ್ದೇಶವಾದರೆ ಆಯ್ಕೆಯ ಅಧಿಕಾರವನ್ನು ಕಂಠಕ್ಕೆ ಬಿಟ್ಟುಕೊಡಬೇಕಾಗುತ್ತದೆ, ಏಕೆಂದರೆ ಕೇಳಲು ಶ್ರೇಷ್ಠವಾದ ಹಾಡು ಹಾಡಿಕೊಳ್ಳಲು ಒದಗಿಯೇ ಒದಗುತ್ತದೆಂಬ ನಿಯಮವೇನೂ ಇಲ್ಲ.

1992ರ ‘ಜೀವನ ಚೈತ್ರ’ ಚಿತ್ರದ ಹಾಡಿಗಾಗಿ ರಾಜ್‌ಕುಮಾರ್ ಅವರಿಗೆ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂದಿತು. ತೋಡಿ ರಾಗದ ಆ ರಚನೆಯಲ್ಲಿ ಗಮಕಗಳು, ಅಂದರೆ ಒಂದು ಸ್ವರವನ್ನು ತೂಗಿಸಿ ಬಳುಕಿಸುವ ವಿನ್ಯಾಸಗಳು, ಎಷ್ಟು ದಟ್ಟವಾಗಿವೆಯೆಂದರೆ ಸಂಗೀತಾಭ್ಯಾಸವಿಲ್ಲದ ಕಂಠ ಮೊದಲ ಆವರ್ತದಲ್ಲೇ ಹಿಂದೆ ಬೀಳುತ್ತದೆ. ಅದು ಕುಳಿತು ಕೇಳಬೇಕಾದ ಹಾಡು. ಅದೇ ಗಾಯಕರು 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡು ಇದಕ್ಕೆ ತೀರ ವಿರುದ್ಧವಾದುದು. ಜಿ.ಕೆ. ವೆಂಕಟೇಶ್ ಕೂರಿಸಿದ ಆ ಧಾಟಿಯಲ್ಲಿ ಮಾತಿನ ಲಯವೇ ಹಾಡಿನ ಲಯವಾಗಿದ್ದು, ಎಂಟು ವರ್ಷದ ಮಗುವಿನಿಂದ ಎಂಬತ್ತರ ವೃದ್ಧರವರೆಗೆ ಯಾರು ಬೇಕಾದರೂ ಅದನ್ನು ಗಂಟಲು ಬಿಚ್ಚಿ ಹಾಡಬಹುದು. ಅಲ್ಲಿಯವರೆಗೆ ರಾಜ್‌ಕುಮಾರ್ ಅವರ ತೆರೆಯ ದನಿಯಾಗಿ ಹೆಚ್ಚಾಗಿ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್. ವೃತ್ತಿರಂಗಭೂಮಿಯಲ್ಲಿ ಪಳಗಿದ ನಟನೊಬ್ಬ ಸ್ವತಃ ಹಾಡಲು ತೊಡಗಿದಾಗ ಚಿತ್ರಗೀತೆಗೆ ದಕ್ಕಿದ್ದು ಕಟ್ಟಕಡೆಯ ಸಾಲಿನ ಪ್ರೇಕ್ಷಕನಿಗೂ ಬಿಡಿಬಿಡಿಯಾಗಿ ಕೇಳುವ ಉಚ್ಚಾರಣೆ. ದನಿಗೂಡಿಸುವವರಿಗೆ ಇದೊಂದು ದೊಡ್ಡ ಉಪಕಾರ, ಏಕೆಂದರೆ ಪದ ಸ್ಪಷ್ಟವಾಗಿ ಕೇಳದ ಹಾಡನ್ನು ಜನ ಗುನುಗುತ್ತಾರೆಯೇ ಹೊರತು ಹಾಡುವುದಿಲ್ಲ.

ಹಾಡಿಕೊಂಡರೆ ಮನಸ್ಸು ಏಕೆ ತಿಳಿಯಾಗುತ್ತದೆ ಎಂಬುದಕ್ಕೆ ದೇಹದಲ್ಲೇ ಕೆಲವು ಕಾರಣಗಳಿವೆ. ಹಾಡುವಾಗ ಉಸಿರನ್ನು ಚುರುಕಾಗಿ ಒಳಗೆಳೆದು, ಸಾಲು ಮುಗಿಯುವವರೆಗೆ ನಿಧಾನವಾಗಿ ಹೊರಬಿಡಬೇಕಾಗುತ್ತದೆ. ಹೀಗೆ ನಿಶ್ವಾಸ ದೀರ್ಘವಾದಾಗ ಹೃದಯದ ಬಡಿತ ಇಳಿಯುತ್ತದೆ, ಉಚ್ಛ್ವಾಸದಲ್ಲಿ ತುಸು ಏರುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬ್ಯೋರ್ನ್ ವಿಕ್‌ಹಾಫ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನವು, ಒಟ್ಟಾಗಿ ಹಾಡುವವರ ಉಸಿರಾಟವನ್ನು ಹಾಡಿನ ಸಾಲುಗಳೇ ನಿಯಂತ್ರಿಸುವುದರಿಂದ ಅವರ ಹೃದಯಬಡಿತಗಳೂ ಜೊತೆಜೊತೆಯಾಗಿ ಏರಿಳಿಯುತ್ತವೆಂದು ತೋರಿಸಿತು. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕೇಳುಗರಿಗೆ ಸಂಬಂಧಿಸಿದ್ದು: ಮೆಚ್ಚಿನ ಸಂಗೀತದಲ್ಲಿ ಪರಮಾನಂದದ ಘಟ್ಟ ಬಂದಾಗ ಮಾತ್ರವಲ್ಲ, ಅದು ಬರಲಿದೆ ಎಂಬ ನಿರೀಕ್ಷೆಯಲ್ಲಿಯೂ ಮೆದುಳಿನಲ್ಲಿ ಡೋಪಮಿನ್ ಎಂಬ ಸುಖದ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು ಅದರಿಂದ ತಿಳಿಯಿತು. ಚರಣದ ತುದಿಯಿಂದ ಪಲ್ಲವಿಗೆ ಮರಳುವ ತಿರುವು ಯಾವ ಕ್ಷಣದಲ್ಲಿ ಬರುತ್ತದೆಂದು ತಿಳಿದಿರುವ ಹಳೆಯ ಹಾಡು ನೂರನೆಯ ಸಲವೂ ಸಪ್ಪೆಯಾಗದಿರುವುದರ ಗುಟ್ಟು ಇದರಲ್ಲಿರಬಹುದು. ಆದ್ದರಿಂದ ಪಟ್ಟಿಯ ಬಹುಪಾಲು ಪರಿಚಿತ ಹಾಡುಗಳದ್ದೇ ಆಗಿರಲಿ. ಹೊಸತನದ ಹಂಬಲಕ್ಕೆ ಬೇರೆ ಪಟ್ಟಿ ಇರಬಹುದು.

ದನಿಗೂಡಿಸಲು ಯಾವ ಬಗೆಯ ರಚನೆ ಒದಗುತ್ತದೆ ಎಂಬ ಪ್ರಶ್ನೆಗೆ ಕನ್ನಡದ ಹಾಡಿನ ಪರಂಪರೆಗಳು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿವೆ. ಸೋಬಾನೆಯಲ್ಲಿ ಒಬ್ಬಿಬ್ಬರು ಹೇಳಿದ್ದನ್ನು ಉಳಿದವರು ಮರಳಿ ಹೇಳುತ್ತಾರೆ. ಗೀಗೀ ಪದದಲ್ಲಿ ಮುಖ್ಯ ಗಾಯಕ ಕಥೆಯನ್ನು ಮುನ್ನಡೆಸಿದರೆ ಮೇಳದವರು ಪ್ರತಿ ನುಡಿಯ ಕೊನೆಗೆ ಸೊಲ್ಲು ಹಿಡಿಯುತ್ತಾರೆ. ಸೊಲ್ಲು ಎಂದರೆ ಮತ್ತೆ ಮತ್ತೆ ಮರಳಿ ಬರುವ ಸಾಲು. ದೇವರನಾಮ ಮತ್ತು ಭಾವಗೀತೆಗಳಲ್ಲಿ ಆ ಕೆಲಸವನ್ನು ಪಲ್ಲವಿ ಮಾಡುತ್ತದೆ. ನುಡಿಗಳು ನೆನಪಿಲ್ಲದವರೂ ಸೊಲ್ಲಿಗೆ ಬಂದು ಸೇರಬಹುದಾದ್ದರಿಂದ ಈ ಬಗೆಯ ಹಾಡಿನಲ್ಲಿ ಯಾರೂ ಹೊರಗುಳಿಯುವುದಿಲ್ಲ, ಒಂಟಿಯಾಗಿ ಹಾಡುವವರೂ ಮಾತು ಮರೆತು ತಬ್ಬಿಬ್ಬಾಗುವುದಿಲ್ಲ. ಇಂದಿನ ಹಾವೇರಿ ಜಿಲ್ಲೆಯ ಶಿಶುನಾಳದ ಷರೀಫರು (1819–1889) ರಚಿಸಿದ ತತ್ತ್ವಪದಗಳು ಭಜನೆಯ ಮೇಳಗಳಲ್ಲಿ ಉಳಿದುಬಂದದ್ದೂ, ಸಿ. ಅಶ್ವತ್ಥ್ ಅವುಗಳಿಗೆ ಹೊಸ ಸ್ವರಸಂಯೋಜನೆ ಮಾಡಿದಾಗ ನಾಡಿಗೆ ನಾಡೇ ಹಾಡತೊಡಗಿದ್ದೂ ಈ ರಚನೆಯ ಬಲದಿಂದ. ಒಗಟಿನಂಥ ಅವುಗಳ ಅರ್ಥ ಪೂರ್ತಿ ಬಿಡಿಸಿಕೊಳ್ಳದವರೂ ತಾಳ ತಟ್ಟುತ್ತ ಹಾಡಿದ್ದಾರೆ, ಹಾಡುತ್ತ ಹಾಡುತ್ತ ಅರ್ಥ ಹತ್ತಿರವಾದದ್ದೂ ಉಂಟು. ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ಕ್ಕೂ ಇದೇ ಮಾತು ಸಲ್ಲುತ್ತದೆ. ಮೈಸೂರು ಅನಂತಸ್ವಾಮಿ ಅವರ ರಾಗಸಂಯೋಜನೆಯಲ್ಲಿ 1978ರಲ್ಲಿ ಕ್ಯಾಸೆಟ್ಟಾಗಿ ಬಂದ ಈ ಗೀತೆಯ ಪ್ರತಿ ನುಡಿಯೂ ಶೀರ್ಷಿಕೆಯ ಪದಕ್ಕೇ ಬಂದು ನಿಲ್ಲುವುದರಿಂದ ಶಾಲೆಯ ಅಂಗಳದಲ್ಲಾಗಲಿ ಹೊರನಾಡಿನ ಕನ್ನಡ ಸಂಘದ ಸಭೆಯಲ್ಲಾಗಲಿ ಅದನ್ನು ಕೂಡಿ ಹಾಡುವುದು ಸಲೀಸು.

ಇನ್ನು ಶ್ರುತಿಯ ವಿಚಾರ. ಪಟ್ಟಿಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ ಆದ್ದರಿಂದ ಇದನ್ನು ತುಸು ವಿವರವಾಗಿ ನೋಡಬೇಕು. ಶ್ರುತಿಯೆಂದರೆ ಹಾಡಿನ ಆಧಾರ ಷಡ್ಜದ ಎತ್ತರ. ಅದನ್ನು ಹಾರ್ಮೋನಿಯಂನ ಮನೆಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಸಾಮಾನ್ಯವಾಗಿ ಗಂಡಸರ ಕಂಠಕ್ಕೆ ಒಂದರಿಂದ ಎರಡೂವರೆ ಮನೆಯೂ ಹೆಂಗಸರ ಕಂಠಕ್ಕೆ ನಾಲ್ಕೂವರೆಯಿಂದ ಆರು ಮನೆಯೂ ಹಿತವಾಗಿರುತ್ತವೆ. ಹಿನ್ನೆಲೆ ಗಾಯಕರ ಕಂಠ ತಾರಸ್ಥಾಯಿಯಲ್ಲಿ, ಅಂದರೆ ಮೇಲಿನ ಸಪ್ತಕದಲ್ಲಿ, ಅನಾಯಾಸವಾಗಿ ಸಂಚರಿಸುವುದರಿಂದ ಸಂಯೋಜಕರು ಅವರಿಗೆಂದೇ ಧಾಟಿಯನ್ನು ಎತ್ತರಕ್ಕೆ ಒಯ್ದಿರುತ್ತಾರೆ. ಎಸ್. ಜಾನಕಿ ಅವರ ಹಾಡುಗಳನ್ನು ಮೂಲಶ್ರುತಿಯಲ್ಲೇ ಹಾಡಹೊರಟ ಸಾಮಾನ್ಯ ಕಂಠ ಚರಣದಲ್ಲಿ ಬಿರಿಯುತ್ತದೆ. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ಯ ಏರುದನಿಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣ ರಾಷ್ಟ್ರಪ್ರಶಸ್ತಿ ಪಡೆದದ್ದು ನಾಡಿನ ಹೆಮ್ಮೆಯಾದರೂ ಅದನ್ನು ಅವರ ಎತ್ತರದಲ್ಲಿಯೇ ಹಿಡಿಯುವುದು ಕಷ್ಟ. ಬೆಳಗಿನ ಹೊತ್ತು ಗಂಟಲು ಇನ್ನೂ ಬಿಗಿಯಾಗಿರುವಾಗ ಮಧ್ಯಸ್ಥಾಯಿಯಲ್ಲೇ ಸುಳಿಯುವ ಪಿ.ಬಿ. ಶ್ರೀನಿವಾಸ್ ಅವರ ಮೆಲುದನಿಯ ಗೀತೆಗಳು ಗಂಡಸರಿಗೆ ಒಳ್ಳೆಯ ಆರಂಭ. ಹಾಡು ಕಂಠಕ್ಕೆ ಒಗ್ಗುತ್ತದೆಯೇ ಎಂದು ತಿಳಿಯಲು ಪಲ್ಲವಿಯನ್ನು ನಂಬಬಾರದು. ಚರಣದಲ್ಲಿ ಅತ್ಯಂತ ಎತ್ತರಕ್ಕೆ ಹೋಗುವ ಸಾಲನ್ನು ಮೊದಲು ಹಾಡಿ ನೋಡಬೇಕು. ಅಲ್ಲಿ ಕುತ್ತಿಗೆ ಬಿಗಿಯಾಗದಿದ್ದರೆ ಆ ಹಾಡು ಪಟ್ಟಿಗೆ ಬರಲಿ. ಬಿಗಿಯಾದರೂ ಹಾಡನ್ನು ಕೈಬಿಡಬೇಕಾಗಿಲ್ಲ, ಏಕೆಂದರೆ ವೇಗ ಬದಲಾಗದಂತೆ ಶ್ರುತಿಯನ್ನಷ್ಟೇ ಇಳಿಸುವ ಸೌಲಭ್ಯ ಈಗ ಹಲವು ಕರೋಕೆ ಆ್ಯಪ್‌ಗಳಲ್ಲಿದೆ.

ಯಾವ ಕಾಲದ ಹಾಡು ಎಂಬುದೂ ಮುಖ್ಯ. ಸುಮಾರು ಹತ್ತರಿಂದ ಇಪ್ಪತ್ತೈದು ವಯಸ್ಸಿನ ನಡುವೆ ಕೇಳಿದ ಹಾಡುಗಳು ಉಳಿದೆಲ್ಲ ಕಾಲದ ಹಾಡುಗಳಿಗಿಂತ ಗಾಢವಾಗಿ ನೆನಪಿನಲ್ಲಿ ನಿಲ್ಲುತ್ತವೆಂಬುದು ಮನೋವಿಜ್ಞಾನದಲ್ಲಿ ಚೆನ್ನಾಗಿ ದಾಖಲಾದ ಸಂಗತಿ. ಒಬ್ಬರಿಗೆ ರಾಜನ್–ನಾಗೇಂದ್ರ ಜೋಡಿಯ ‘ಎರಡು ಕನಸು’ (1974), ಮತ್ತೊಬ್ಬರಿಗೆ ಹಂಸಲೇಖರ ‘ಪ್ರೇಮಲೋಕ’ (1987), ಇನ್ನೂ ಕಿರಿಯರಿಗೆ ಮನೋಮೂರ್ತಿ ಅವರ ‘ಮುಂಗಾರು ಮಳೆ’ (2006) ಎದೆಗೆ ಹತ್ತಿರವಾಗಿರುವುದು ಇದರಿಂದಲೇ. ಹೀಗಾಗಿ ಇನ್ನೊಬ್ಬರು ಸಿದ್ಧಪಡಿಸಿದ ಪಟ್ಟಿ, ಅದು ಎಷ್ಟೇ ಅಭಿರುಚಿಯಿಂದ ಕೂಡಿರಲಿ, ತನ್ನದಾಗುವುದು ಕಷ್ಟ. ಕಂಪನಿಗಳು ‘ಉಲ್ಲಾಸದ ಹಾಡುಗಳು’ ಎಂಬ ಹೆಸರಿನಲ್ಲಿ ಒದಗಿಸುವ ಸಿದ್ಧ ಪಟ್ಟಿಗಳ ಬಗ್ಗೆಯಂತೂ ಇದು ಮತ್ತಷ್ಟು ನಿಜ.

ಉಲ್ಲಾಸದ ಪಟ್ಟಿಯೆಂದ ಮಾತ್ರಕ್ಕೆ ಎಲ್ಲವೂ ಕುಣಿಯುವ ಹಾಡುಗಳಾಗಬೇಕೆಂಬ ನಂಬಿಕೆಯನ್ನು ಇಲ್ಲಿ ಒಪ್ಪಲಾಗದು. ಸಂಗೀತ ಚಿಕಿತ್ಸೆಯಲ್ಲಿ ಐಸೊ ತತ್ತ್ವವೆಂಬ ವಿಧಾನವಿದೆ. ಅಮೆರಿಕದ ಮನೋವೈದ್ಯ ಇರಾ ಆಲ್ಟ್‌ಶುಲರ್ 1948ರಲ್ಲಿ ವಿವರಿಸಿದ ಇದರ ಪ್ರಕಾರ, ಮೊದಲು ಮನಸ್ಸಿನ ಆ ಹೊತ್ತಿನ ಸ್ಥಿತಿಗೆ ಹೊಂದುವ ಸಂಗೀತದಿಂದ ಆರಂಭಿಸಿ, ಅಲ್ಲಿಂದ ಹಂತಹಂತವಾಗಿ ಬಯಸಿದ ಸ್ಥಿತಿಯ ಕಡೆಗೆ ನಡೆಯಬೇಕು. ದುಗುಡದಲ್ಲಿರುವವರಿಗೆ ಒಮ್ಮೆಲೇ ಡೊಳ್ಳಿನ ಅಬ್ಬರ ಕೇಳಿಸಿದರೆ ಅದು ಕಿರಿಕಿರಿಯೇ ಆಗುತ್ತದೆ. ಮಗುವಿನ ಸಾವಿನ ದುಃಖದಲ್ಲಿ ದ.ರಾ. ಬೇಂದ್ರೆ ಬರೆದ ಕವಿತೆಯನ್ನು ಹಾಡಿಕೊಂಡು ಎಷ್ಟೋ ಜನ ತಮ್ಮ ಸಂಕಟವನ್ನು ಇಳಿಸಿಕೊಂಡಿದ್ದಾರೆ. ಅಂಥದೊಂದು ಹಾಡು ಪಟ್ಟಿಯ ತಲೆಯಲ್ಲಿದ್ದು, ಆಮೇಲೆ ಮಧ್ಯಲಯದ ಭಾವಗೀತೆಯೊಂದು, ಬಳಿಕ ತಾಳಕ್ಕೆ ಕೈ ತಟ್ಟಿಸುವ ತತ್ತ್ವಪದ, ಅದರ ಬೆನ್ನಿಗೆ ಬಿರುಸಿನ ಚಿತ್ರಗೀತೆಗಳು ಬಂದರೆ ಆ ಏರಿಕೆ ಸಹಜವಾಗಿರುತ್ತದೆ. ಹತ್ತು ಹನ್ನೆರಡು ಹಾಡುಗಳು, ಸುಮಾರು 45 ನಿಮಿಷ, ಇದಕ್ಕೆ ಧಾರಾಳ ಸಾಕು.

ಕೆಲಸದೊಡನೆ ಹಾಡುವುದಕ್ಕೂ ಇಲ್ಲಿ ದೊಡ್ಡ ಪರಂಪರೆಯಿದೆ. ನಸುಕಿನಲ್ಲಿ ಬೀಸುವ ಕಲ್ಲಿನ ಗೂಟ ಹಿಡಿದು ಹೆಣ್ಣುಮಕ್ಕಳು ಹಾಡಿದ ತ್ರಿಪದಿಗಳನ್ನು ಹಲಸಂಗಿ ಗೆಳೆಯರು ‘ಗರತಿಯ ಹಾಡು’ ಎಂಬ ಹೆಸರಿನಲ್ಲಿ 1931ರಲ್ಲಿ ಸಂಗ್ರಹಿಸಿ ಪ್ರಕಟಿಸಿದರು. ಕಲ್ಲು ಸುತ್ತುವ ಗತಿಗೆ ಹೊಂದಿಕೊಂಡ ಆ ಮೂರು ಸಾಲಿನ ಪದ್ಯಗಳು ದಣಿವನ್ನು ಮರೆಸುತ್ತಿದ್ದವು, ತವರಿನ ನೆನಪನ್ನೂ ಅತ್ತೆಮನೆಯ ಅಳಲನ್ನೂ ಆಡಿಕೊಳ್ಳಲು ಎಡೆ ಕೊಡುತ್ತಿದ್ದವು. ಇಂದು ಪಾತ್ರೆ ತೊಳೆಯುವಾಗ, ಬಟ್ಟೆ ಮಡಿಸುವಾಗ ಹಾಡಿಕೊಳ್ಳುವವರು ಅದೇ ದಾರಿಯಲ್ಲಿದ್ದಾರೆ, ಮತ್ತು ಕೆಲಸದ ವೇಗಕ್ಕೆ ಹೊಂದುವ ಹಾಡನ್ನೇ ಆರಿಸಿಕೊಳ್ಳುವುದು ಅವರಿಗೂ ಹಿತ.

ಮನೆಮಂದಿಯೆಲ್ಲ ಸೇರಿ ಹಾಡುವುದಾದರೆ ಲೆಕ್ಕಾಚಾರ ಸ್ವಲ್ಪ ಬದಲಾಗುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಯಸ್ಕರ ಹಾಡಿನ ತರಗತಿಗಳನ್ನು ಕರಕುಶಲ ಮತ್ತು ಬರವಣಿಗೆಯ ತರಗತಿಗಳೊಂದಿಗೆ ಏಳು ತಿಂಗಳ ಕಾಲ ಹೋಲಿಸಿದಾಗ, ಅಪರಿಚಿತರು ಬೇಗ ಹತ್ತಿರವಾದದ್ದು ಹಾಡಿನ ತರಗತಿಗಳಲ್ಲಿ. ಉಳಿದವರು ಅದೇ ಆಪ್ತತೆಗೆ ನಿಧಾನವಾಗಿ ಬಂದು ತಲುಪಿದರು. ಅಜ್ಜಿ, ಅಪ್ಪ, ಮಗಳು ಒಂದೇ ಕಾರಿನಲ್ಲಿ ಊರಿಗೆ ಹೊರಟಾಗ ಮೂವರ ಶ್ರುತಿಯೂ ಮೂವರ ಕಾಲದ ಹಾಡುಗಳೂ ಬೇರೆಬೇರೆಯಾಗಿರುವುದರಿಂದ, ಯುಗಳಗೀತೆಗಳನ್ನೂ ಸೊಲ್ಲಿರುವ ಜನಪದ ಗೀತೆಗಳನ್ನೂ ಹೆಚ್ಚು ಸೇರಿಸಿಕೊಂಡರೆ ಪ್ರತಿಯೊಬ್ಬರಿಗೂ ಒಂದೊಂದು ಪಾಲು ದೊರೆಯುತ್ತದೆ. ಅಜ್ಜಿಗೆ ಬಾಯಿಪಾಠವಿರುವ ದೇವರನಾಮವೊಂದನ್ನು ಹೊರಡುವ ಮುನ್ನ ಅವರ ದನಿಯಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿ ಪಟ್ಟಿಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಆಗ ಶ್ರುತಿ ಹೊಂದಿಸಿಕೊಳ್ಳುವ ಸರದಿ ಉಳಿದವರದ್ದು, ಮಗಳು ಅದರ ಎರಡು ನುಡಿಗಳನ್ನಾದರೂ ಊರು ಮುಟ್ಟುವುದರೊಳಗೆ ಕಲಿತಿರುತ್ತಾಳೆ.