ನೀರಿನ ವಿಷಯದಲ್ಲಿ ನಾಲಿಗೆಯನ್ನು ನಂಬಬೇಡಿ

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಜನ ನೀರನ್ನು ಎರಡೇ ಬಗೆಯಾಗಿ ವಿಂಗಡಿಸುತ್ತಾರೆ. ಒಂದು ಸವಳು ನೀರು, ಇನ್ನೊಂದು ಸಿಹಿ ನೀರು. ಬೇಳೆ ಬೇಯದಿದ್ದರೆ, ಸಾಬೂನು ನೊರೆ ಬಾರದಿದ್ದರೆ, ಹಂಡೆಯ ತಳದಲ್ಲಿ ಬಿಳಿ ಪದರು ಕಟ್ಟಿದರೆ ಅದು ಸವಳು. ಬಾಯಿಗೆ ಹಿತವಾಗಿದ್ದರೆ ಸಿಹಿ. ಸವಳನ್ನು ದನಕ್ಕೆ, ಬಟ್ಟೆಗೆ ಬಿಟ್ಟು ಸಿಹಿಯನ್ನು ಕುಡಿಯಲು ಇಟ್ಟುಕೊಳ್ಳುವುದು ತಲೆಮಾರುಗಳ ರೂಢಿ. ಬಾವಿಯ ಕಾಲಕ್ಕೆ ಇದು ಸಾಕಾಗಿತ್ತು. ನೂರಾರು ಅಡಿ ಆಳದ ಕೊಳವೆಬಾವಿಗಳ ಕಾಲಕ್ಕೆ ಸಾಲದು.

ನಾಲಿಗೆಗೆ ತಿಳಿಯುವುದು ಉಪ್ಪಿನ ಅಂಶ ಮತ್ತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳಂಥ ಲವಣಗಳು ಮಾತ್ರ. ನಿಜಕ್ಕೂ ಅಂಜಬೇಕಾದ ಫ್ಲೋರೈಡ್, ನೈಟ್ರೇಟ್ ಮತ್ತು ರೋಗಾಣುಗಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯೂ ಇಲ್ಲ.

ದವಾಖಾನೆಗೆ ಆಗಾಗ ಬರುವ ತಾಯಂದಿರ ಮಾತು ಹೀಗಿರುತ್ತದೆ: "ಡಾಕ್ಟರ್ರೀ, ದಿನಾ ಎರಡು ಹೊತ್ತು ಹಲ್ಲು ತಿಕ್ಕಸ್ತೀನ್ರಿ, ಆದ್ರೂ ಕಲಿ ಹೋಗವಲ್ದು. ನಾಳೆ ಹುಡುಗಿ ಲಗ್ನಾ ಹೆಂಗ್ರಿ?" ಹುಡುಗಿಗೆ ಹತ್ತು ಹನ್ನೊಂದು ವರ್ಷ. ನಗಲು ಹೇಳಿದರೆ ಕೈ ಅಡ್ಡ ಹಿಡಿಯುತ್ತಾಳೆ. "ಅಕ್ಕಾರ, ಕುಡಿಯೋ ನೀರು ಎಲ್ಲಿಂದ ತರ್ತೀರಿ?" ಎಂದರೆ, "ಬೋರಿನ ನೀರ್ರಿ. ಭಾಳ ಸಿಹಿ ಅದಾವ್ರಿ" ಎಂಬ ಉತ್ತರ.

ಆ ಸಿಹಿಯಲ್ಲಿಯೇ ಮೋಸವಿದೆ. ಕಲ್ಲಿನ ಪದರುಗಳಲ್ಲಿರುವ ಫ್ಲೋರೈಡ್ ಖನಿಜ ನೀರಿನಲ್ಲಿ ನಿಧಾನವಾಗಿ ಕರಗುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗಿಳಿಸುತ್ತದೆ. ಕ್ಯಾಲ್ಸಿಯಂ ಕಡಿಮೆಯಿದ್ದರೆ, ಅಂದರೆ ನೀರು ಮೆದುವಾಗಿದ್ದು ಬಾಯಿಗೆ ಹಿತವಾಗಿದ್ದರೆ, ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಹಾಗೆಂದು ಸವಳು ನೀರೆಲ್ಲ ಸುರಕ್ಷಿತವಲ್ಲ, ಸಿಹಿ ನೀರೆಲ್ಲ ಕೆಟ್ಟದ್ದೂ ಅಲ್ಲ. ಪರೀಕ್ಷೆ ಮಾಡಿಸದೆ ಹೇಳಲಾಗದು, ಅಷ್ಟೆ.

ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು. ಬೇರೆ ನೀರು ಸಿಗದೆಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು. ಬಾಗಲಕೋಟೆ ಜಿಲ್ಲೆಯ ಕೆಲವು ಭಾಗಗಳ ಅಂತರ್ಜಲದಲ್ಲಿ ಇದು ಮಿತಿ ಮೀರಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ನಮ್ಮ ಬೇಸಿಗೆಯಲ್ಲಿ ಮಕ್ಕಳು ಹೆಚ್ಚು ನೀರು ಕುಡಿಯುವುದರಿಂದ ಹೊಟ್ಟೆಗೆ ಹೋಗುವ ಫ್ಲೋರೈಡೂ ಹೆಚ್ಚು. ಕಾಯಂ ಹಲ್ಲುಗಳ ಮೇಲ್ಪದರು ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದ ತನಕ. ಆ ಅವಧಿಯಲ್ಲಿ ಕುಡಿದ ನೀರಿನ ಗುರುತು ಹಲ್ಲು ಮೂಡುವಾಗ ಸುಣ್ಣದಂಥ ಬಿಳಿ ಮಚ್ಚೆಯಾಗಿ, ಅಡ್ಡಗೆರೆಗಳಾಗಿ ಕಾಣಿಸಿಕೊಂಡು, ಮುಂದೆ ಕಂದು ಬಣ್ಣಕ್ಕೆ ತಿರುಗುತ್ತದೆ. ಎಡ ಬಲ ಎರಡೂ ಕಡೆಯ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ ಇರುವುದು ಇದರ ಲಕ್ಷಣ. ಈ ಕಲೆ ಹಲ್ಲಿನ ಒಳಗಿನದು. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಮಗುವನ್ನು ಬೈಯುವುದು ಬಿಡಿ, ತಪ್ಪು ಅದರದ್ದಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರೆ ಇದ್ದ ಪದರೂ ಸವೆಯುತ್ತದೆ. ಮೂಡಿದ ಕಲೆಯನ್ನು ಮರೆಮಾಡಲು ದಂತವೈದ್ಯರಲ್ಲಿ ಉಪಾಯಗಳಿವೆ. ಆ ಮನೆಯ ತಮ್ಮ ತಂಗಿಯರ ಹಲ್ಲನ್ನು ಮಾತ್ರ ನೀರು ಬದಲಿಸಿಯೇ ಉಳಿಸಬೇಕು.

ಹಲ್ಲು ಕಣ್ಣಿಗೆ ಕಾಣುತ್ತದೆ, ಎಲುಬು ಕಾಣುವುದಿಲ್ಲ. ಲೀಟರಿಗೆ 3 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಹಲವು ವರ್ಷ ಕುಡಿದವರಲ್ಲಿ ಬೆನ್ನು, ಕುತ್ತಿಗೆ, ಮೊಣಕಾಲು ಬಿಗಿಯಾಗತೊಡಗುತ್ತವೆ. ಹೊಲದ ಕೆಲಸದ ನೋವೆಂದು ಗುಳಿಗೆ ನುಂಗುತ್ತ ಕಾಲ ಕಳೆಯುತ್ತಾರೆ. ನಮ್ಮ ದೇಶದಲ್ಲಿ ಈ ರೋಗವನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಅಂದಿನ ಮದ್ರಾಸ್ ಪ್ರಾಂತದ ನೆಲ್ಲೂರು ಭಾಗದಲ್ಲಿ. ಊಟದಲ್ಲಿ ಹಾಲು, ಮೊಸರು, ಸೊಪ್ಪು, ನಿಂಬೆ, ನೆಲ್ಲಿ ಇದ್ದವರಿಗೆ ಹಾನಿ ಸ್ವಲ್ಪ ಕಡಿಮೆ. ಹಾಲು ಡೇರಿಗೆ, ಚಹಾ ಮಕ್ಕಳಿಗೆ ಎಂಬ ಪದ್ಧತಿ ಇರುವ ಮನೆಗಳು ಇದನ್ನು ಗಮನಿಸಬೇಕು. ಚಹಾದ ಎಲೆಯಲ್ಲೂ ಫ್ಲೋರೈಡ್ ಇದೆ.

ಇಲ್ಲಿ ಬಹಳ ಜನ ಎಡವುವ ಸಂಗತಿಯೊಂದಿದೆ. "ನಾವು ಕಾಸಿ ಕುಡಿತೀವ್ರಿ" ಎಂದು ಹೆಮ್ಮೆಯಿಂದ ಹೇಳುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ಲವಣ ಸಾಯುವುದಿಲ್ಲ. ನೀರು ಆವಿಯಾಗಿ ಹೋದಷ್ಟೂ ಉಳಿದದ್ದರಲ್ಲಿ ಫ್ಲೋರೈಡ್, ನೈಟ್ರೇಟ್‌ಗಳ ಪ್ರಮಾಣ ಏರುತ್ತದೆ. ಮೇಣಬತ್ತಿಯಾಕಾರದ ಸಾದಾ ಫಿಲ್ಟರೂ ಇವನ್ನು ತಡೆಯದು. ಪಟಕ ಮತ್ತು ಸುಣ್ಣ ಬಳಸುವ ನಲಗೊಂಡ ವಿಧಾನ, ಸಕ್ರಿಯ ಅಲ್ಯುಮಿನಾ ಫಿಲ್ಟರ್‌ಗಳು ಫ್ಲೋರೈಡನ್ನು ತೆಗೆಯುತ್ತವೆ. ಆರ್.ಓ. ಯಂತ್ರ ಎರಡನ್ನೂ ತೆಗೆಯುತ್ತದೆ. ಹಳ್ಳಿಗಳಲ್ಲಿ ನಾಣ್ಯ ಹಾಕಿದರೆ ಕೊಡ ತುಂಬುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಇರುವುದು ಇದೇ. ಆದರೆ ಯಂತ್ರದೊಳಗಿನ ಪೊರೆ ಹಳತಾದರೆ ದೀಪ ಉರಿಯುತ್ತಲೇ ಇರುತ್ತದೆ, ನೀರು ಬರುತ್ತಲೇ ಇರುತ್ತದೆ, ಫ್ಲೋರೈಡೂ ಬರುತ್ತಿರುತ್ತದೆ. ಘಟಕದಿಂದ ಹೊರಬರುವ ನೀರಿನ ಪರೀಕ್ಷೆ ಕೊನೆಯ ಸಲ ಯಾವಾಗ ಆಯಿತೆಂದು ಪಂಚಾಯತಿಯವರನ್ನು ಕೇಳುವುದು ನಿಮ್ಮ ಹಕ್ಕು.

ಇನ್ನು ನೈಟ್ರೇಟ್. ಕೃಷ್ಣೆ, ಘಟಪ್ರಭೆಯ ದಂಡೆಗುಂಟ ಕಬ್ಬಿನ ಸೀಮೆ ನಮ್ಮದು. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು ಈ ಭಾಗದ ಹೆಮ್ಮೆ. ನೀರು ಬಂದಲ್ಲಿ ಕಬ್ಬು ಬಂತು, ಕಬ್ಬಿನ ಹಿಂದೆ ಯೂರಿಯಾ ಬಂತು. ಬೆಳೆ ಹೀರಿ ಉಳಿದದ್ದು ನೈಟ್ರೇಟ್ ಆಗಿ ನೆಲಕ್ಕಿಳಿಯುತ್ತದೆ. ತಿಪ್ಪೆ, ಗಟಾರು, ಶೌಚಗುಂಡಿಗಳೂ ತಮ್ಮ ಪಾಲು ಸೇರಿಸುತ್ತವೆ. ಲೀಟರಿಗೆ 45 ಮಿಲಿಗ್ರಾಂ ಇದರ ಮಿತಿ. ಇದಕ್ಕೆ ಯಾವ ರಿಯಾಯಿತಿಯೂ ಇಲ್ಲ.

ದೊಡ್ಡವರು ತಾಳಿಕೊಳ್ಳುವ ಪ್ರಮಾಣವೂ ಆರು ತಿಂಗಳೊಳಗಿನ ಕೂಸಿಗೆ ಅಪಾಯ. ನೈಟ್ರೇಟ್ ಕೂಸಿನ ದೇಹದಲ್ಲಿ ನೈಟ್ರೈಟ್ ಆಗಿ ಬದಲಾಗಿ, ರಕ್ತವು ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಬಾವಿನೀರಿನಿಂದಲೇ ಹೀಗಾಗುತ್ತದೆಂದು 1945ರಲ್ಲಿ ಅಮೆರಿಕದ ಅಯೋವಾ ರಾಜ್ಯದ ವೈದ್ಯರೊಬ್ಬರು ಮೊದಲು ತೋರಿಸಿದರು. ಪುಡಿಹಾಲನ್ನು ಇಂಥ ನೀರಿನಲ್ಲಿ ಕಲಸಿ, ಸೋಂಕಿನ ಭಯದಿಂದ ಮತ್ತೆ ಮತ್ತೆ ಕುದಿಸಿ ಕೊಟ್ಟಾಗ ಅಪಾಯ ಇನ್ನೂ ಹೆಚ್ಚು. ತಾಯಿಯ ಹಾಲಿಗೆ ನೈಟ್ರೇಟ್ ಅಷ್ಟಾಗಿ ಇಳಿಯುವುದಿಲ್ಲ. ಆರು ತಿಂಗಳು ಎದೆಹಾಲು ಮಾತ್ರ ಎಂದು ನಾವು ಹೇಳುವುದಕ್ಕೆ ಇರುವ ಹಲವು ಕಾರಣಗಳಲ್ಲಿ ಇದೂ ಒಂದು. ಬೇಸಿಗೆಯಲ್ಲೂ ಕೂಸಿಗೆ ಬೇರೆ ನೀರು ಬೇಡ. ಗುಟ್ಟಿ ತೇಯ್ದು ಹಾಕುವ ಅಜ್ಜಿಯಂದಿರಿಗೆ ಸಿಟ್ಟು ಬರಬಹುದು, ಆದರೆ ಗುಟ್ಟಿಯ ಜತೆ ಹೋಗುವ ನೀರಿಗೆ ಯಾರೂ ಜವಾಬು ಕೊಡಲಾರರು.

ಮೂತ್ರದ ಹರಳಿನ ರೋಗಿಗಳೆಲ್ಲ ಸವಳು ನೀರನ್ನೇ ದೂರುತ್ತಾರೆ. ಗಡಸು ನೀರಿನಿಂದಲೇ ಹರಳಾಗುತ್ತದೆ ಎಂಬುದು ಸಿದ್ಧವಾಗಿಲ್ಲ. ಬಿಸಿಲಲ್ಲಿ ಕಬ್ಬು ಕಡಿಯುತ್ತ, ಮಗ್ಗದ ಮುಂದೆ ಬೆವರುತ್ತ ನೀರನ್ನೇ ಕುಡಿಯದಿರುವುದು ಹೆಚ್ಚಿನ ಕಾರಣ. ಸವಳೆಂದು ಹೆದರಿ ನೀರು ಕಡಿಮೆ ಮಾಡಿದವರಿಗೆ ಹರಳಿನ ಸಂಭವ ಹೆಚ್ಚುತ್ತದೆ.

ಲವಣಗಳು ನಿಧಾನವಾಗಿ ಕೆಡಿಸಿದರೆ ರೋಗಾಣುಗಳು ಎರಡೇ ದಿನದಲ್ಲಿ ಕೆಡವುತ್ತವೆ. 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಳದ ನೀರು ಕಲುಷಿತವಾಗಿ ಜನ ಸತ್ತದ್ದು ನೆನಪಿರಬಹುದು. ನಮ್ಮಲ್ಲೂ ನಳ ಗಟಾರಿನೊಳಗಿಂದ ಹಾದುಬರುವ ಓಣಿಗಳು ಬೇಕಾದಷ್ಟಿವೆ. ನೀರು ನಿಂತಾಗ ಪೈಪು ಬರಿದಾಗಿ, ಬಿರುಕಿನಲ್ಲಿ ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ನೀರು ಬಿಟ್ಟ ಕೂಡಲೇ ಬರುವ ಮೊದಲ ಕೊಡಗಳನ್ನು ಕುಡಿಯಲು ಹಿಡಿಯಬೇಡಿ. ಕೃಷ್ಣೆಗೆ ಮಹಾಪೂರ ಬಂದು ಹೋದ ಮೇಲಂತೂ, 2019ರಲ್ಲಿ ಕಂಡಂತೆ, ಬಾವಿ, ಟಾಕಿಗಳನ್ನು ಶುದ್ಧಿ ಮಾಡದೆ ಬಳಸಕೂಡದು. ಒಳ್ಳೆಯ ಬ್ಲೀಚಿಂಗ್ ಪುಡಿ ಇದ್ದರೆ 1000 ಲೀಟರಿಗೆ 2.5 ಗ್ರಾಂ ಸಾಕು. ರಾತ್ರಿ ಹಾಕಿ ಬೆಳಿಗ್ಗೆ ಸೇದಿರಿ. ಮನೆಯಲ್ಲಾದರೆ ಅರ್ಧ ಗ್ರಾಮಿನ ಕ್ಲೋರಿನ್ ಗುಳಿಗೆ 20 ಲೀಟರ್ ನೀರಿಗೆ ಒಂದು. ಹಾಕಿದ ಬಳಿಕ ಒಂದು ತಾಸು ಬಿಡಬೇಕು. ಕುದಿಸುವುದಾದರೆ ಕುದಿ ಬಂದ ಮೇಲೆ ಒಂದೆರಡು ನಿಮಿಷ ಸಾಕು.

ಬಟ್ಟೆಯಲ್ಲಿ ಸೋಸಿದರೆ ಆಗದೇ ಎಂದು ಕೇಳುವವರುಂಟು. ಉತ್ತರ ಕರ್ನಾಟಕವನ್ನು ಕಾಡಿದ್ದ ನಾರುಹುಣ್ಣು ನಿಲ್ಲುವುದಕ್ಕೆ ಬಟ್ಟೆಯ ಸೋಸುವಿಕೆ ದೊಡ್ಡ ನೆರವಾಯಿತು, ನಿಜ. 2000ನೇ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತವೆಂದು ಸಾರಿತು. ಆ ಹುಳುವಿನ ಮರಿಗಳನ್ನು ಹೊರುವ ನೀರಿನ ಕೀಟ ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವಷ್ಟು ದೊಡ್ಡದು. ಕಾಲರಾ, ವಿಷಮಶೀತ, ಕಾಮಾಲೆಯ ರೋಗಾಣುಗಳು ಬಟ್ಟೆಯ ಎಳೆಗಳ ನಡುವೆ ಸರಾಗವಾಗಿ ನುಸುಳುತ್ತವೆ. ಘಟಕದಿಂದ ತಂದ ಶುದ್ಧ ನೀರಿಗೂ ಮನೆಯಲ್ಲಿ ಚಂಬು ಸಮೇತ ಕೈ ಅದ್ದಿದರೆ ಕೊಟ್ಟ ರೊಕ್ಕ ದಂಡ. ನಳವಿರುವ ಹರವಿ ಅಥವಾ ಉದ್ದ ಹಿಡಿಕೆಯ ಸೌಟು ಇಡಿ.

ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಗ್ರಾಮ ಪಂಚಾಯತಿಗಳಿಗೆ ನೀರು ಪರೀಕ್ಷಿಸುವ ಕಿಟ್ ಕೊಡಲಾಗಿದೆ. ಸಂಶಯ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯವಿದೆ. ಫ್ಲೋರೈಡ್, ನೈಟ್ರೇಟ್‌ಗಾಗಿ ಅದೇ ನೀರಿನಿಂದ ಮೂರು ಸಲ ತೊಳೆದ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಒಯ್ಯಿರಿ. ರೋಗಾಣು ಪರೀಕ್ಷೆಗೆ ಬಾಟಲಿಯನ್ನು ಪ್ರಯೋಗಾಲಯದಿಂದಲೇ ತರಬೇಕು. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಮಾಡಿಸಿದರೆ ಒಳ್ಳೆಯದು.

ಮಳೆನೀರಿನಲ್ಲಿ ಫ್ಲೋರೈಡಿನ ಕಾಟವೇ ಇಲ್ಲ. 30 ಚದರ ಮೀಟರಿನ ಸ್ಲ್ಯಾಬು ಅಥವಾ ಪತ್ರಾಸಿನ ಮೇಲೆ ವರ್ಷಕ್ಕೆ 500 ಮಿಲಿಮೀಟರ್ ಮಳೆ ಬಿದ್ದರೆ 15,000 ಲೀಟರ್. ಸೋರಿ ಹೋದದ್ದನ್ನು ಕಳೆದರೂ 12,000 ಲೀಟರ್ ಉಳಿದೀತು. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಎಂದರೆ ವರ್ಷಪೂರ್ತಿ ಸಾಕು. ಮೊದಲ ಮಳೆಯನ್ನು ಹರಿಯಬಿಡಿ, ಟಾಕಿಯನ್ನು ಮುಚ್ಚಿಡಿ. ಮಣ್ಣಿನ ಮಾಳಿಗೆಗೆ ಇದು ಒಗ್ಗದು.

ರಬಕವಿ-ಬನಹಟ್ಟಿಯಲ್ಲಿ ಮಗ್ಗಕ್ಕೂ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಕೆಲವೆಡೆ ಅದೂ ಇಲ್ಲ. ನೂಲಿನ ಧೂಳು ಹರವಿಯ ಮೇಲೆ ಕೂರುವಷ್ಟೇ ಕೂಸಿನ ಎದೆಯಲ್ಲೂ ಕೂರುತ್ತದೆ. ತೊಟ್ಟಿಲನ್ನು ಮಗ್ಗದ ಕೋಣೆಯಿಂದ ಹೊರಗಿಡಿ. ಬಣ್ಣ ಕಲಸಿದ ಬಕೀಟನ್ನು ನೀರಿಗೆ ಬಳಸಬೇಡಿ. ಮಗ್ಗದ ಸದ್ದಿನ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಎಲ್ಲಕ್ಕಿಂತ ತುರ್ತಾದದ್ದು ಹೊಲದ ಮನೆಗಳ ಒಂದು ಚಟ. ಕೀಟನಾಶಕದ ಖಾಲಿ ಕ್ಯಾನು ಗಟ್ಟಿಯಿದೆ ಎಂದು ತೊಳೆದು ನೀರು ತುಂಬುತ್ತಾರೆ. ಉಳಿದ ಔಷಧವನ್ನು ನೀರಿನ ಬಾಟಲಿಗೆ ಸುರಿದು ಮಾಡದಲ್ಲಿ ಇಡುತ್ತಾರೆ. ಎಷ್ಟು ತೊಳೆದರೂ ಆ ಕ್ಯಾನು ಕುಡಿಯುವ ನೀರಿಗೆ ಆಗದು. ಅದಕ್ಕೆ ತೂತು ಹೊಡೆದುಬಿಡಿ. ಮಗು ಬಾಟಲಿ ಎತ್ತಿ ಕುಡಿದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ, ಅದು ಶ್ವಾಸಕೋಶಕ್ಕೆ ಇಳಿದರೆ ಕೆಲಸ ಕೆಟ್ಟಿತು. ಅಂಗಿ ಕಳಚಿ, ಮೈಗೆ ತಾಗಿದ್ದನ್ನು ಸಾಬೂನಿನಿಂದ ತೊಳೆದು, ಎಡ ಮಗ್ಗುಲಿಗೆ ಮಲಗಿಸಿಕೊಂಡು ತಡಮಾಡದೆ ದವಾಖಾನೆಗೆ ತನ್ನಿ. ಔಷಧದ ಮೂಲ ಡಬ್ಬಿಯನ್ನೂ ಜತೆಗೆ ತನ್ನಿ. ಅದರ ಮೇಲಿನ ಹೆಸರು ಓದಿದ ಕೂಡಲೇ ಯಾವ ಮದ್ದು ಕೊಡಬೇಕೆಂದು ತಿಳಿಯುತ್ತದೆ.