ಗಾಜಿನ ಹಿಂದಿನ ಲಕ್ಷ್ಮಿ, ಗಾಜಿನ ಹಿಂದಿನ ಲ್ಹಾಸಾ

ಹೊಗೆಸೊಪ್ಪಿನ ಹರಾಜು ಶುರುವಾಗಿ ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ, ಹುಣಸೂರಿನ ನಮ್ಮ ಅಂಗಡಿಗೆ ಕಟ್ಟು ಹಾಕಿಸಲು ಬರುವ ಫೋಟೋಗಳೂ ಹೆಚ್ಚುತ್ತವೆ. ಗೃಹಪ್ರವೇಶಕ್ಕೊಂದು ಲಕ್ಷ್ಮಿ, ಮದುವೆಯ ಜೋಡಿ, ತೀರಿಕೊಂಡ ತಾತ. ಗುರುಪುರದ ಟಿಬೆಟನ್ ಕ್ಯಾಂಪಿನಿಂದ ದಲೈ ಲಾಮಾ ಅವರ ಭಾವಚಿತ್ರ, ಲ್ಹಾಸಾದ ಪೊಟಾಲ ಅರಮನೆಯ ಚಿತ್ರ. ಅಪ್ಪ ಶುರುಮಾಡಿದ ಅಂಗಡಿ ಇದು. ಮೈಸೂರಿನಲ್ಲಿ ಚಿತ್ರಕಲೆ ಓದಿ ಬಂದ ಮೇಲೂ ನಾನು ಇಲ್ಲೇ ಕೂತೆ. ನಾಡಿನ ಮನೆಗಳ ಗೋಡೆಯ ಮೇಲೆ ಏನಿದೆ ಎನ್ನುವುದು ಯಾವ ಗ್ಯಾಲರಿಗಿಂತಲೂ ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಗಾಜು ಒಡೆದ ಹಳೆಯ ಕಟ್ಟನ್ನು ಬಿಚ್ಚುವುದು ನನಗೆ ಬಲು ಇಷ್ಟದ ಕೆಲಸ. ತುಕ್ಕು ಹಿಡಿದ ಮೊಳೆಗಳನ್ನು ಕಿತ್ತು ಹಿಂಬದಿಯ ರಟ್ಟು ತೆಗೆದರೆ, ಹೊಸ ಲಕ್ಷ್ಮಿಯ ಹಿಂದೆ ಹಳೆಯ ಲಕ್ಷ್ಮಿ ಸಿಗುತ್ತಾಳೆ. ಬಣ್ಣ ಮಾಸಿರುತ್ತದೆ, ಅಂಚು ಗೆದ್ದಲು ತಿಂದಿರುತ್ತದೆ, ಹಣೆಯ ಮೇಲೆ ಯಾರೋ ಹಚ್ಚಿದ ಕುಂಕುಮದ ಕಲೆ ಇರುತ್ತದೆ. ದೇವರ ಪಟವನ್ನು ಕಸಕ್ಕೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಗಾಜು ಒಡೆದರೆ ಅರಳಿಕಟ್ಟೆಯಲ್ಲಿ ಇಟ್ಟು ಬರುತ್ತಾರೆ, ಇಲ್ಲದಿದ್ದರೆ, “ಹಳೇದು ತೆಗೀಬೇಡಿ, ಅದರ ಮೇಲೇ ಹೊಸದು ಹಾಕ್ಬಿಡಿ” ಎನ್ನುತ್ತಾರೆ.

ಕಲೆಯ ಪಾಠದಲ್ಲಿ ಇಂಥ ಚಿತ್ರಗಳಿಗೆ ಕ್ಯಾಲೆಂಡರ್ ಆರ್ಟ್ ಎಂದೋ ಕಿಚ್ ಎಂದೋ ಹೆಸರು. ಕಣ್ಣು ಕುಕ್ಕುವ ಬಣ್ಣ, ಅಗ್ಗದ ಅಚ್ಚು, ಅತಿಯಾದ ಸಿಹಿ ಎಂಬ ಅರ್ಥದಲ್ಲಿ. ಆದರೆ ಈ ‘ಅಗ್ಗದ’ ಸರಕನ್ನೇ ಕಚ್ಚಾವಸ್ತು ಮಾಡಿಕೊಂಡ ಒಂದು ಕಲಾಮಾರ್ಗ ಜಗತ್ತಿನಲ್ಲಿದೆ. 1970ರ ದಶಕದ ಕೊನೆಗೆ ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ ಕಾಮಿಕ್ಸ್, ಬಣ್ಣ ಬಳಿದ ರೇಸಿನ ಕಾರು, ಆಟಿಕೆ, ಜಾಹೀರಾತುಗಳ ನಡುವೆ ಬೆಳೆದ ಕಲಾವಿದರು ಅವನ್ನೇ ಕನಸಿನ ತರ್ಕದಲ್ಲಿ ಮರುಜೋಡಿಸಿದರು. ಅವರಲ್ಲಿ ಮುಖ್ಯರಾದ ರಾಬರ್ಟ್ ವಿಲಿಯಮ್ಸ್ 1994ರಲ್ಲಿ ‘ಜಕ್ಸ್‌ಟಪೋಜ್’ ಪತ್ರಿಕೆಯ ಹುಟ್ಟಿಗೆ ಕಾರಣರಾದರು. ಮಾರ್ಕ್ ರೈಡನ್ ದೊಡ್ಡ ಕಣ್ಣಿನ ಬೊಂಬೆಯಂಥ ಹುಡುಗಿಯರನ್ನೂ ಮಾಂಸದ ತುಂಡುಗಳನ್ನೂ ಅಬ್ರಹಾಂ ಲಿಂಕನ್ನರನ್ನೂ ಒಂದೇ ಚಿತ್ರದಲ್ಲಿ ಕೂರಿಸಿದರು, ಅದೂ ಹಳೆಯ ಯೂರೋಪಿನ ತೈಲಚಿತ್ರಗಳ ನಯದಲ್ಲಿ. ಇದನ್ನೇ ಪಾಪ್ ಸರ್ರಿಯಲಿಸಂ ಎನ್ನುವುದು.

ನಮ್ಮಲ್ಲಿ ಆ ಹೆಸರು ಹೇಳಿಕೊಂಡ ಪಂಥ ಬೆಳೆಯಲಿಲ್ಲ. ಆದರೆ ‘ಅಗ್ಗದ’ ಚಿತ್ರಗಳನ್ನೇ ಕಲೆಯಾಗಿ ಮರುಜೋಡಿಸುವ ಕೆಲಸವನ್ನು, ನನ್ನ ಮಟ್ಟಿಗೆ ಇನ್ನೂ ಆಳವಾಗಿ ಮಾಡಿದವರು ಬೆಂಗಳೂರಿನಲ್ಲಿ ಹುಟ್ಟಿದ ಪುಷ್ಪಮಾಲಾ ಎನ್. ಬರೋಡಾದಲ್ಲಿ ಶಿಲ್ಪಕಲೆ ಕಲಿತ ಅವರು 1990ರ ದಶಕದಲ್ಲಿ ತಾವೇ ವೇಷ ಹಾಕಿ ಕ್ಯಾಮೆರಾದ ಮುಂದೆ ನಿಲ್ಲತೊಡಗಿದರು. ಬೆಂಗಳೂರಿನಲ್ಲೇ ನೆಲೆಸಿರುವ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜತೆ 2000ದಿಂದ 2004ರವರೆಗೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿ ಮಾಡಿದರು. ರವಿವರ್ಮನ ಲಕ್ಷ್ಮಿ, ವೇಲಾಂಕಣ್ಣಿ ಮಾತೆ, ಬಿಜಾಪುರದ ಕಿರುಚಿತ್ರದ ಯೋಗಿನಿ, ಪತ್ರಿಕೆಯಲ್ಲಿ ಬಂದ ಕಳ್ಳಿಯರ ಫೋಟೋ, ಹಳೆಯ ತಮಿಳು ಸಿನಿಮಾದ ಚಾಟಿ ಹಿಡಿದ ನಾಯಕಿ ಎಲ್ಲವೂ ಅಲ್ಲಿವೆ, ಎಲ್ಲದರಲ್ಲೂ ಅವರೇ ಇದ್ದಾರೆ.

ಆ ಲಕ್ಷ್ಮಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು, ಜರ್ಮನ್ ತಂತ್ರಜ್ಞರ ನೆರವಿನಿಂದ ಕಲ್ಲಚ್ಚಿನಲ್ಲಿ ದೇವತೆಗಳನ್ನು ಮನೆಮನೆಗೆ ಕಳಿಸಿದರು. ಕೊಂಡವರು ಅವಕ್ಕೆ ಜರಿ, ಬಟ್ಟೆ, ಚಮಕಿ ಅಂಟಿಸಿ ಇನ್ನಷ್ಟು ಸಿಂಗರಿಸಿದರು. ಕೊಳ, ತಾವರೆ, ಸೊಂಡಿಲಲ್ಲಿ ಹಾರ ಹಿಡಿದ ಆನೆ, ನಾಲ್ಕು ಕೈಯ ದೇವಿ. ನೂರು ವರ್ಷದಿಂದ ದಿನವೂ ಕಾಣುವ ಈ ಪಟವನ್ನು ನಾವು ನೋಡುವುದನ್ನೇ ಬಿಟ್ಟಿದ್ದೇವೆ. ಪುಷ್ಪಮಾಲಾ ಅವರ ಫೋಟೋದಲ್ಲಿ ಅದೇ ಕೊಳವಿದೆ, ಆದರೆ ಅದು ಪರದೆಗೆ ಬರೆದ ಕೊಳ. ನಾಲ್ಕು ಕೈಗಳಲ್ಲಿ ಎರಡು ಮಾತ್ರ ಜೀವದ್ದು. ನಡುವೆ ನಿಂತಿರುವವಳು ಉಸಿರಾಡುವ ಹೆಣ್ಣು. ಪಟದ ದೇವಿಗೆ ಎಂದೂ ಕಾಲು ನೋಯುವುದಿಲ್ಲ, ಇಲ್ಲಿ ನಿಂತವಳಿಗೆ ನೋಯುತ್ತದೆ ಎಂದು ನೋಡುವವರಿಗೆ ತಿಳಿಯುತ್ತದೆ. ಅದೇ ಕೆಲಸದ ಇನ್ನೊಂದು ಭಾಗದಲ್ಲಿ ಇಷ್ಟನ್ನೂ ಹೇಗೆ ಸಿದ್ಧಪಡಿಸಿದರು ಎನ್ನುವ ಫೋಟೋಗಳನ್ನೇ ಇಟ್ಟಿದ್ದಾರೆ. ಲಕ್ಷ್ಮಿಗೆ ಇದರಿಂದ ಅವಮಾನವಾಯಿತು ಎಂದು ನನಗೆ ಅನ್ನಿಸುವುದೇ ಇಲ್ಲ. ಆ ಕೊಳದ ದಡದಲ್ಲಿ ನಮ್ಮ ಯಾವ ಅಜ್ಜಿಯೂ ಬದುಕಿರಲಿಲ್ಲ, ಆದರೂ ಅದನ್ನು ಕಂಡರೆ ಹಳೆಯ ಮನೆ ನೆನಪಾಗುತ್ತದೆ. ಇರದಿದ್ದ ಕಾಲಕ್ಕಾಗಿ ಹುಟ್ಟುವ ಈ ಹಂಬಲವನ್ನು ಯಾರೋ ಕೂತು, ಬಣ್ಣ ಕಲಸಿ, ತಯಾರಿಸಿದ್ದಾರೆ. ಆ ತಯಾರಿಕೆಯನ್ನು ಪುಷ್ಪಮಾಲಾ ಪ್ರೀತಿಯಿಂದ ಬಿಚ್ಚಿಟ್ಟಿದ್ದಾರೆ.

ಇದೇ ಹಂಬಲ ಗುರುಪುರದಲ್ಲಿ ಇನ್ನೂ ತೀಕ್ಷ್ಣವಾಗಿದೆ. 1970ರ ದಶಕದ ಆರಂಭದಿಂದ ಬೆಳೆದ ಈ ಕ್ಯಾಂಪಿನಲ್ಲಿ ಹುಟ್ಟಿದವರು ಮುಸುಕಿನ ಜೋಳದ ಹೊಲ ಕಂಡವರು, ಪೊಟಾಲವನ್ನು ಕಂಡಿರುವುದು ಗಾಜಿನ ಹಿಂದೆ ಮಾತ್ರ. ಪಟ ಪಡೆಯಲು ಬಂದ ಅಜ್ಜಿಯೊಬ್ಬರು, ಜತೆಗಿದ್ದ ಮೊಮ್ಮಗನಿಗೆ ಆ ಅರಮನೆಯ ಕಿಟಕಿಗಳನ್ನು ಬೆರಳಿಟ್ಟು ತೋರಿಸುತ್ತಾ ಟಿಬೆಟನ್ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಗಾಜು ಒಳ್ಳೇದು ಹಾಕಿದ್ದೀಯಲ್ಲ?” ಎಂದು ಕೇಳಿದರು.

1961ರಲ್ಲಿ ಲ್ಹಾಸಾದಲ್ಲಿ ಹುಟ್ಟಿದ ಗೊಂಕರ್ ಗ್ಯಾತ್ಸೊ ಎಂಬ ಕಲಾವಿದರನ್ನು ಗುರುಪುರದವರಿಗೆ ಪರಿಚಯಿಸಬೇಕೆಂಬ ಆಸೆ ನನಗಿದೆ. ಬೀಜಿಂಗಿನಲ್ಲಿ ಓದಿ, ಧರ್ಮಶಾಲೆಯಲ್ಲಿ ಟಿಬೆಟನ್ನರ ಧಾರ್ಮಿಕ ಚಿತ್ರವಾದ ಥಂಕಾ ಬರೆಯಲು ಕಲಿತು, ಲಂಡನ್ ಸೇರಿದವರು. ಅವರ ಬುದ್ಧನ ಆಕಾರ ಶಾಸ್ತ್ರದ ಅಳತೆಯದೇ, ಆದರೆ ಮೈತುಂಬ ಮಕ್ಕಳ ಸ್ಟಿಕರ್‌ಗಳು, ಕಾರ್ಟೂನ್‌ಗಳು, ಕಂಪನಿಗಳ ಲೋಗೋಗಳು. 2009ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನದಲ್ಲೂ ಅವರ ಕೃತಿಗಳಿದ್ದವು. ನನಗೆ ಅದಕ್ಕಿಂತ ಹೆಚ್ಚು ತಟ್ಟಿದ್ದು ‘ಮೈ ಐಡೆಂಟಿಟಿ’ ಎಂಬ ನಾಲ್ಕು ಫೋಟೋಗಳು. 1930ರ ದಶಕದ ಥಂಕಾ ಚಿತ್ರಕಾರನೊಬ್ಬನ ಫೋಟೋವನ್ನು ಆಧಾರವಾಗಿಟ್ಟು, ಅದೇ ಭಂಗಿಯಲ್ಲಿ ತಾವೇ ಕೂತಿದ್ದಾರೆ. ಒಂದರಲ್ಲಿ ಬುದ್ಧನನ್ನು ಬರೆಯುತ್ತಾರೆ, ಇನ್ನೊಂದರಲ್ಲಿ ಮಾವೋನನ್ನು, ಮತ್ತೊಂದರಲ್ಲಿ ನಿರಾಶ್ರಿತನಾಗಿ ದಲೈ ಲಾಮಾರನ್ನು. ನಾಲ್ಕನೆಯದು ಈ ಕಾಲದ ಕಲಾವಿದನ ಕೋಣೆ. ಪುಷ್ಪಮಾಲಾ ಅವರಂತೆ ಇವರೂ ಹಳೆಯ ಚಿತ್ರದೊಳಗೆ ತಮ್ಮ ಮೈಯನ್ನೇ ಇಟ್ಟರು.

ನಿಮ್ಮ ಮನೆಯ ಹಳೆಯ ಪಟಕ್ಕೆ ಹೊಸ ಕಟ್ಟು ಹಾಕಿಸುವಾಗ ಕೆಳಗಿನ ಅಂಚನ್ನು ಕತ್ತರಿಸಲು ಬಿಡಬೇಡಿ. ಚಿತ್ರದ ಹೆಸರು, ಅಚ್ಚುಕೂಟದ ಹೆಸರು ಇರುವುದು ಅಲ್ಲೇ. ಬರೆದವರ ರುಜು ಸಿಕ್ಕರೂ ಸಿಗಬಹುದು. ಕಲಬುರಗಿಯ ಎಸ್.ಎಂ. ಪಂಡಿತರಂಥ ದೊಡ್ಡ ಚಿತ್ರಕಾರರು ಕ್ಯಾಲೆಂಡರ್‌ಗೆ, ಸಿನಿಮಾ ಪೋಸ್ಟರ್‌ಗೆ ದುಡಿದವರು. ಗಾಜಿಗೂ ಚಿತ್ರಕ್ಕೂ ನಡುವೆ ರಟ್ಟಿನ ಮೌಂಟ್ ಇಡಿಸಿ, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಬಣ್ಣ ಗಾಜಿಗೇ ಅಂಟಿಕೊಳ್ಳುತ್ತದೆ. ಹಿಂದೆ ಇನ್ನೊಂದು ಪಟ ಸಿಕ್ಕರೆ ಅದನ್ನೂ ಕೇಳಿ ಪಡೆಯಿರಿ.