ಸೌಂಡ್‌ಬಾರ್ ಮಧ್ಯೆ ಮಧ್ಯೆ ಸುಮ್ಮನಾಗುತ್ತಾ? ಹೊಸ ಕೇಬಲ್ ಕೊಳ್ಳೋ ಮುಂಚೆ ಗಡಿಯಾರ ನೋಡಿ

ತುಂಬಾ ಜನ ಕೇಳೋ ಪ್ರಶ್ನೆ ಇದು. ಟಿವಿ ಚೆನ್ನಾಗಿದೆ, ಸೌಂಡ್‌ಬಾರ್ ಹೊಸದು, ಆದ್ರೂ ಆಗಾಗ ಒಂದೆರಡು ಸೆಕೆಂಡು ಸದ್ದು ಹೋಗಿ ತಾನಾಗೇ ವಾಪಸ್ ಬರುತ್ತೆ. ಯಾಕೆ? ನಮ್ಮ ಮನೇಲೂ ಇದೇ ಆಯ್ತು. ಅದನ್ನೇ ಇಟ್ಕೊಂಡು ಹೇಳ್ತೀನಿ.

ಏಪ್ರಿಲ್‌ನಲ್ಲಿ ಅಪ್ಪ ಸಾಗರದಿಂದ ಪುಣೆಗೆ ಬಂದಿದ್ರು. ಸಂಜೆಯಾದ್ರೆ ಟಿವಿಯಲ್ಲೇ ಯೂಟ್ಯೂಬ್ ತೆಗೆದು ತಾಳಮದ್ದಳೆ ಹಾಕ್ಕೊಂಡು ಕೂರ್ತಾರೆ. ಹತ್ತು ದಿನ ಆದ್ಮೇಲೆ ಒಂದು ರಾತ್ರಿ ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ್ರು: "ಇಲ್ಲಿ ಕಿವಿ ಡಾಕ್ಟರ್ ಯಾರಾದ್ರೂ ಇದ್ದಾರಾ ನೋಡು ಮಾರಾಯ. ಮಧ್ಯೆ ಮಧ್ಯೆ ಏನೂ ಕೇಳಲ್ಲ." ಹತ್ತು ದಿನ ಅದನ್ನ ಮನಸ್ಸಲ್ಲೇ ಇಟ್ಕೊಂಡಿದ್ರು.

ಮರುದಿನ ಪಕ್ಕದಲ್ಲಿ ಕೂತು ನಾನೂ ಕೇಳಿದೆ. ವಾಲಿವಧೆ ಪ್ರಸಂಗ. ವಾಲಿ ರಾಮನನ್ನ ಪ್ರಶ್ನೆ ಮಾಡ್ತಾ ಮಾಡ್ತಾ ಮುಖ್ಯವಾದ ಮಾತಿಗೆ ಬಂದ, ಅಷ್ಟರಲ್ಲಿ ಸದ್ದೇ ಇಲ್ಲ. ಅರ್ಥಧಾರಿಯ ಬಾಯಿ ಆಡ್ತಿದೆ, ಚಿತ್ರ ನಿಂತಿಲ್ಲ. ಒಂದೂವರೆ ಸೆಕೆಂಡಿಗೆ ಸದ್ದು ಬಂತು, ಅಷ್ಟರಲ್ಲಿ ಸಭೆ ಚಪ್ಪಾಳೆ ಹೊಡೀತಿತ್ತು. ಅಂದ್ರೆ ಹೋಗಿದ್ದು ಅಪ್ಪನ ಕಿವಿಯಲ್ಲ.

ಇಷ್ಟು ದಿನ ಅವರಿಗೆ ಯಂತ್ರದ ಮೇಲೆ ಅನುಮಾನ ಯಾಕೆ ಬರಲಿಲ್ಲ? ಅವರು ಭದ್ರಾವತಿ ಆಕಾಶವಾಣಿ ಕೇಳಿ ಬೆಳೆದವರು. ಹಳೇ ರೇಡಿಯೋದಲ್ಲಿ ತೊಂದರೆ ಅಂದ್ರೆ ಕರಕರ ಸದ್ದು. ಆ ಕರಕರವೇ "ತಪ್ಪು ನನ್ನದು" ಅಂತ ರೇಡಿಯೋ ಹೇಳಿದ ಹಾಗೆ. ಡಿಜಿಟಲ್‌ನಲ್ಲಿ ಹಾಗಿಲ್ಲ. ಬಂದ್ರೆ ಪೂರ್ತಿ ಬರುತ್ತೆ, ಇಲ್ಲಾಂದ್ರೆ ಶುದ್ಧ ಮೌನ. ಟಿವಿಯಿಂದ ಹೋಗೋ ಡಿಜಿಟಲ್ ಸದ್ದಿನಲ್ಲಿ ಅಂಕಿಗಳ ಜೊತೆಗೇ ತಾಳವೂ ಸೇರಿರುತ್ತೆ. ಸೌಂಡ್‌ಬಾರ್ ಆ ಸಿಗ್ನಲ್‌ನಿಂದಲೇ ತಾಳ ಹಿಡಿದು ಅಂಕಿಗಳನ್ನ ಓದಬೇಕು. ಮದ್ದಳೆಯವರಿಗೆ ಭಾಗವತರ ತಾಳ ತಪ್ಪಿದ್ರೆ ಏನ್ಮಾಡ್ತಾರೆ? ಕೈ ನಿಲ್ಲಿಸಿ, ತಾಳ ಸಿಕ್ಕ ಮೇಲೆ ಮತ್ತೆ ಶುರು ಮಾಡ್ತಾರೆ. ಇದೂ ಹಾಗೇ. ತಪ್ಪು ಅಂಕಿಗಳನ್ನ ನುಡಿಸಿದ್ರೆ ಸ್ಪೀಕರ್‌ನಿಂದ ಭಯಂಕರ ಸದ್ದು ಬರುತ್ತೆ, ಅದಕ್ಕೇ ಬೇಕಂತಲೇ ಬಾಯಿ ಮುಚ್ಚಿಕೊಳ್ಳುತ್ತೆ. ತೊಂದರೆ ಒಂದು ಕ್ಷಣದ್ದಾದ್ರೂ ಮತ್ತೆ ತಾಳ ಹಿಡಿಯೋಕೆ ಒಂದೆರಡು ಸೆಕೆಂಡು ಹೋಗಬಹುದು.

ಹಾಗಾಗಿ ನಾನು ಮೊದಲು ನೋಡೋದು ಮೌನ ಎಷ್ಟು ಉದ್ದ, ಯಾವಾಗ ಬರುತ್ತೆ ಅನ್ನೋದನ್ನ. ಬರೀ 'ಟಿಕ್' ಅಂತ ಚಿಕ್ಕ ತುಂಡಾದ್ರೆ ಬಹುತೇಕ ಕಂಪ್ಯೂಟರ್ ಕಡೆ ಬಫರ್ ಖಾಲಿಯಾಗಿರುತ್ತೆ. 1,024 ಸ್ಯಾಂಪಲ್‌ಗಳ ಬಫರ್ ಅಂದ್ರೆ 48 ಕಿಲೋಹರ್ಟ್ಸ್‌ನಲ್ಲಿ ಸುಮಾರು 21 ಮಿಲಿಸೆಕೆಂಡು, ಪ್ರೊಸೆಸರ್ ಅಷ್ಟು ಹೊತ್ತು ಬೇರೆ ಕೆಲಸದಲ್ಲಿ ಸಿಕ್ಕಿಕೊಂಡ್ರೂ ಸಾಕು. ಹಾಡಿನ ಆರಂಭ ಮಾತ್ರ ನುಂಗಿ ಹೋದ್ರೆ ಅದು ಪವರ್ ಸೇವಿಂಗ್. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 5 ಸೆಕೆಂಡು ಸದ್ದಿಲ್ಲದಿದ್ರೆ ಸೌಂಡ್ ಕಾರ್ಡನ್ನ ಮಲಗಿಸಿಬಿಡ್ತಾರೆ, ಆ ಸೆಟ್ಟಿಂಗ್ ಬದಲಾಯಿಸಿದ್ರೆ ಮುಗೀತು.

ಗಡಿಯಾರ ಇಟ್ಟ ಹಾಗೆ ಸಮ ಅಂತರದಲ್ಲಿ ಹೋಗ್ತಿದ್ರೆ ಕಥೆ ಬೇರೆ. ಕಳಿಸೋ ಸಾಧನಕ್ಕೊಂದು ಸ್ಫಟಿಕ ಗಡಿಯಾರ, ನುಡಿಸೋ ಸಾಧನಕ್ಕೊಂದು. ಎರಡರ ನಡುವೆ 10 ಲಕ್ಷಕ್ಕೆ 100ರಷ್ಟು ವ್ಯತ್ಯಾಸ ಇದ್ರೆ ಸೆಕೆಂಡಿಗೆ 4.8 ಸ್ಯಾಂಪಲ್ ಕಡಿಮೆ ಬೀಳುತ್ತೆ. ಇವನ್ನ ಹೊಂದಿಸೋ ವ್ಯವಸ್ಥೆ ಇಲ್ಲದಿದ್ರೆ, 1,024 ಸ್ಯಾಂಪಲ್‌ಗಳ ದಾಸ್ತಾನು ಸುಮಾರು ಮೂರೂವರೆ ನಿಮಿಷಕ್ಕೆ ಖಾಲಿ. ಮತ್ತೆ ತುಂಬುತ್ತೆ, ಮತ್ತೆ ಮೂರೂವರೆ ನಿಮಿಷ. ಇಲ್ಲಿ ನೀವು ಎಷ್ಟು ಸಾವಿರದ ಕೇಬಲ್ ತಂದ್ರೂ ಪ್ರಯೋಜನ ಇಲ್ಲ.

ನಮ್ಮದು ಇದ್ಯಾವುದೂ ಅಲ್ಲ. ಅಪ್ಪನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಸದ್ದು ಹೋದಾಗೆಲ್ಲ ಟೈಮ್ ಬರೀರಿ ಅಂದೆ. ನಮ್ಮ ಆಫೀಸಿನ ಲಾಗ್ ಫೈಲ್‌ಗಳಿಗಿಂತ ನೀಟಾಗಿ ಬರೆದ್ರು. ಮೂರು ಸಂಜೆ, 14 ಸಾಲು. 7.10, 7.32, 7.51, 8.14... ಪೂರ್ತಿ ಸಮ ಅಲ್ಲ, ಆದ್ರೆ ಬೇಕಾಬಿಟ್ಟಿಯೂ ಅಲ್ಲ, ಇಪ್ಪತ್ತು ನಿಮಿಷದ ಆಸುಪಾಸು. ಸರ್ವಿಸ್‌ನವರು ಅಷ್ಟರಲ್ಲಿ ಬಂದು ಹತ್ತು ನಿಮಿಷ ಕೇಳಿ, ಸದ್ದು ಹೋಗದೇ ಇದ್ರೂ ಬೋರ್ಡ್ ಬದಲಾಯಿಸಬೇಕು ಅಂತ ಹೇಳಿ ಹೋಗಿದ್ರು.

ನೋಟ್‌ಬುಕ್ ಹಿಡಿದು ಹಾಲ್‌ನಲ್ಲಿ ನಿಂತಿದ್ದಾಗ ಅಡುಗೆಮನೆಯಿಂದ 'ಠಕ್' ಅಂತು. ಫ್ರಿಜ್. ಬಾಡಿಗೆ ಮನೆ, ಓನರ್ ಬಿಟ್ಟುಹೋದ ಹಳೇ ಫ್ರಿಜ್. ಅದರ ಕಂಪ್ರೆಸರ್ ಆನ್ ಅಥವಾ ಆಫ್ ಆದಾಗ ವೈರಿಂಗ್‌ನಲ್ಲಿ ಒಂದು ವೋಲ್ಟೇಜ್ ಏಟು ಬೀಳುತ್ತೆ. ಬಾಗಿಲು ತೆಗೀದೇ ಒಂದೂವರೆ ಗಂಟೆ ಫ್ರಿಜ್ ಆಫ್ ಮಾಡಿದ್ವಿ. ಒಂದು ಸಲವೂ ಸದ್ದು ಹೋಗಲಿಲ್ಲ. ಮತ್ತೆ ಆನ್ ಮಾಡಿ ಕಾದ್ವಿ. ಠಕ್, ಮೌನ. ಅಪ್ಪ ಜೋರಾಗಿ ನಕ್ಕುಬಿಟ್ರು.

ನಮ್ಮ ಟಿವಿಯಿಂದ ಸೌಂಡ್‌ಬಾರ್‌ಗೆ ಸದ್ದು ಹೋಗ್ತಿದ್ದುದು ಎಚ್‌ಡಿಎಂಐ ಕೇಬಲ್‌ನ ಎಆರ್‌ಸಿ ದಾರಿಯಲ್ಲಿ. 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಬಂದ ಸೌಲಭ್ಯ ಇದು, ಟಿವಿಯೊಳಗಿನ ಆ್ಯಪ್‌ನ ಸದ್ದನ್ನ ಹಿಮ್ಮುಖವಾಗಿ ಸೌಂಡ್‌ಬಾರ್‌ಗೆ ಕಳಿಸುತ್ತೆ. ತಾಮ್ರದ ತಂತಿ ಆದ್ದರಿಂದ ಆ ಏಟು ಸಿಗ್ನಲ್‌ಗೂ ತಾಗುತ್ತೆ. ಚಿತ್ರ ಈ ಕೇಬಲ್‌ನಲ್ಲಿ ಬರ್ತಾನೇ ಇಲ್ಲ, ಅದಕ್ಕೇ ಚಿತ್ರಕ್ಕೆ ಏನೂ ಆಗಲಿಲ್ಲ.

ಮೊದಲು ಸೌಂಡ್‌ಬಾರ್‌ನ ಪ್ಲಗ್ ಬೇರೆ ಸಾಕೆಟ್‌ಗೆ ಹಾಕಿದೆ. ಕಡಿಮೆ ಆಯ್ತು, ಪೂರ್ತಿ ನಿಲ್ಲಲಿಲ್ಲ. ಆಮೇಲೆ ಎಚ್‌ಡಿಎಂಐ ತೆಗೆದು ಆಪ್ಟಿಕಲ್ ಕೇಬಲ್ ಹಾಕಿದೆ. ಸಿಗ್ನಲ್‌ನ ಭಾಷೆ ಹೆಚ್ಚುಕಡಿಮೆ ಅದೇ, ಆದ್ರೆ ಹೋಗೋದು ಬೆಳಕು. ಟಿವಿಗೂ ಸೌಂಡ್‌ಬಾರ್‌ಗೂ ನಡುವೆ ವಿದ್ಯುತ್ ಸಂಪರ್ಕವೇ ಉಳಿಯಲ್ಲ. (ಕೇಬಲ್ ತುದಿಯಲ್ಲಿ ಚಿಕ್ಕ ಪ್ಲಾಸ್ಟಿಕ್ ಟೋಪಿ ಇರುತ್ತೆ, ತೆಗೀರಿ. ನಾನು ಹತ್ತು ನಿಮಿಷ ಒದ್ದಾಡಿದೀನಿ. ಜೋರಾಗಿ ಮಡಚಲೂಬೇಡಿ.) ಟಿವಿ ಸೆಟ್ಟಿಂಗ್‌ನಲ್ಲಿ ಆಡಿಯೋ ಔಟ್‌ಪುಟ್ ಪಿಸಿಎಂ ಅಂತ ಇಟ್ಟೆ. ಅಟ್ಮಾಸ್ ಸಿನಿಮಾ ನೋಡೋರಿಗೆ ಇದು ನಷ್ಟ, ತಾಳಮದ್ದಳೆಗೆ ಎರಡು ಚಾನೆಲ್ ಬೇಕಾದಷ್ಟಾಯ್ತು.

ಆಮೇಲಿನ ಮೂರು ವಾರ ನೋಟ್‌ಬುಕ್ ಖಾಲಿ. ಕಿವಿ ಪರೀಕ್ಷೆಯನ್ನೂ ಮಾಡಿಸಿದ್ವಿ, ಆ ವಯಸ್ಸಿಗೆ ಮಾಡಿಸೋದು ಒಳ್ಳೇದೇ. ತೀರಾ ಸಣ್ಣ ಸ್ವರಗಳು ಸ್ವಲ್ಪ ಕಡಿಮೆ ಕೇಳ್ತವಂತೆ, ಮಷೀನ್ ಏನೂ ಬೇಡ ಅಂದ್ರು. ಆಪ್ಟಿಕಲ್‌ಗೆ ಬಂದ ಮೇಲೆ ಟಿವಿ ರಿಮೋಟ್‌ನಿಂದ ಸೌಂಡ್‌ಬಾರ್ ವಾಲ್ಯೂಮ್ ಬದಲಾಗಲ್ಲ, ಅದರದ್ದೇ ರಿಮೋಟ್ ಬೇಕು. ಎರಡೆರಡು ರಿಮೋಟ್ ಯಾಕಪ್ಪಾ ಅಂತ ಊರಿಗೆ ಹೋಗೋ ದಿನದವರೆಗೂ ಗೊಣಗಿದ್ರು.